ರಾತ್ರಿ ದೂರದ ರೈಲಿನ ಸದ್ದು ಅಷ್ಟು ಚೆನ್ನಾಗಿ ಕೇಳಿಸುವುದು ಯಾಕೆ?

ರಾತ್ರಿಪಾಳಿ
ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ. ನಮ್ಮ ಮನೆಯಿಂದ ರೈಲು ಹಳಿ ಸುಮಾರು 4 ಕಿ.ಮೀ. ದೂರ. ಹಗಲಲ್ಲಿ ರೈಲು ಹೋದದ್ದೇ ಗೊತ್ತಾಗುವುದಿಲ್ಲ. ರಾತ್ರಿ ಎರಡು ಗಂಟೆ ಮೇಲೆ ಹಾರನ್ ಬಿಡಿ, ಚಕ್ರ ಹಳಿಯ ಸಂದು ದಾಟುವಾಗಿನ ಟಕಟಕ ಕೂಡ ಕಿವಿಗೆ ಬೀಳುತ್ತದೆ.

ಯಾರನ್ನು ಕೇಳಿದರೂ "ರಾತ್ರಿ ಗದ್ದಲ ಇರುವುದಿಲ್ಲ, ಅದಕ್ಕೇ" ಎನ್ನುತ್ತಾರೆ. ನನಗೆ ಅದು ಪೂರ್ತಿ ಉತ್ತರ ಅನ್ನಿಸುತ್ತಿಲ್ಲ. ಎಲ್ಲ ರಾತ್ರಿಯೂ ಹೀಗಾಗುವುದಿಲ್ಲವಲ್ಲ. ಆಕಾಶ ತಿಳಿಯಾಗಿ, ಎಲೆ ಅಲ್ಲಾಡದೆ ಇರುವ ರಾತ್ರಿ ಸದ್ದು ಸ್ಪಷ್ಟ. ಮೋಡ ಕವಿದ ರಾತ್ರಿ ಬೀದಿ ಅಷ್ಟೇ ನಿಶ್ಶಬ್ದವಾಗಿರುತ್ತದೆ, ಆದರೆ ರೈಲು ಕೇಳಿಸುವುದೇ ಇಲ್ಲ. ಇನ್ನೊಂದು ಗೊಂದಲ ಏನೆಂದರೆ, ತಣ್ಣನೆ ಗಾಳಿಯಲ್ಲಿ ಸದ್ದು ನಿಧಾನ ಅಂತ ಓದಿದ್ದೇನೆ. ಹಾಗಿದ್ದರೆ ರಾತ್ರಿ ಕಡಿಮೆ ಕೇಳಿಸಬೇಕಲ್ವಾ?

ಮೌನಿ
ಗದ್ದಲ ಕಡಿಮೆ, ಅಷ್ಟೇ. ಇದಕ್ಕೆ ಇಷ್ಟೊಂದು ಯೋಚನೆ ಬೇಡ.

ಬೀಎಸ್ಸಿ_ಫಿಸಿಕ್ಸ್
ಗದ್ದಲ ಕಡಿಮೆ ಅನ್ನುವುದು ಅರ್ಧ ಉತ್ತರ. ಇನ್ನರ್ಧ ಸದ್ದು ಬಾಗುವುದರಲ್ಲಿದೆ.

ಗಾಳಿಯಲ್ಲಿ ಸದ್ದಿನ ವೇಗ ಉಷ್ಣತೆಯ ಮೇಲೆ ನಿಂತಿದೆ. 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, 20 ಡಿಗ್ರಿಯಲ್ಲಿ 343 ಮೀಟರ್. ಒಂದೊಂದು ಡಿಗ್ರಿಗೂ ಸುಮಾರು 0.6 ಮೀಟರ್ ಏರುತ್ತದೆ. ಹಗಲಲ್ಲಿ ನೆಲ ಕಾದು ಅದರ ಪಕ್ಕದ ಗಾಳಿಯೂ ಬಿಸಿಯಾಗುತ್ತದೆ, ಮೇಲೆ ಹೋದಂತೆ ತಂಪು. ಹಾಗಾಗಿ ಅಲೆಯ ಕೆಳಭಾಗ ಬೇಗ ಓಡುತ್ತದೆ, ಮೇಲ್ಭಾಗ ಹಿಂದೆ ಬೀಳುತ್ತದೆ. ಇಡೀ ಅಲೆ ಆಕಾಶದ ಕಡೆಗೆ ತಿರುಗಿಬಿಡುತ್ತದೆ. ತಿಳಿ ರಾತ್ರಿಯಲ್ಲಿ ಇದೇ ತಲೆಕೆಳಗಾಗುತ್ತದೆ. ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ನೆಲಕ್ಕೆ ಅಂಟಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗುತ್ತದೆ. ಆಗ ಅಲೆಯ ಮೇಲ್ಭಾಗ ಮುಂದೆ ಓಡುತ್ತದೆ, ಅಲೆ ನೆಲದ ಕಡೆಗೆ ಬಾಗುತ್ತದೆ.

ಹತ್ತು ಜನ ಕೈ ಹಿಡಿದು ಸಾಲಾಗಿ ನಡೆಯುವಾಗ ಒಂದು ತುದಿಯವರು ಕೆಸರಿಗೆ ಇಳಿದರೆ ಸಾಲು ಆ ಕಡೆಗೇ ತಿರುಗುತ್ತದಲ್ಲ, ಹಾಗೆ. ಸದ್ದು ಯಾವಾಗಲೂ ನಿಧಾನ ಇರುವ ಕಡೆಗೆ ಬಾಗುತ್ತದೆ. ಇದೊಂದು ಸೂತ್ರ ಹಿಡಿದುಕೊಂಡರೆ ನಿಮ್ಮ ರೈಲಷ್ಟೇ ಅಲ್ಲ, ಇನ್ನೂ ಎಷ್ಟೋ ವಿಷಯ ಬಿಡಿಸಿಕೊಳ್ಳಬಹುದು.

ಮೋಡದ ರಾತ್ರಿ ಯಾಕೆ ಕೇಳಿಸುವುದಿಲ್ಲ ಅಂದರೆ, ನೆಲದಿಂದ ಹೋದ ಬಿಸಿಯಲ್ಲಿ ಸಾಕಷ್ಟನ್ನು ಮೋಡ ವಾಪಸು ಕಳಿಸುತ್ತದೆ. ನೆಲ ಅಷ್ಟು ತಣ್ಣಗಾಗುವುದೇ ಇಲ್ಲ. ಗಾಳಿ ಬೀಸಿದರೂ ಅಷ್ಟೇ, ಮೇಲಿನ ಗಾಳಿ ಕೆಳಗಿನ ಗಾಳಿ ಬೆರೆತುಹೋಗುತ್ತದೆ.

ಕುತೂಹಲಿ
ಅದ್ಭುತ ವಿವರಣೆ. ಆದರೆ ಎರಡು ಮೂರು ಡಿಗ್ರಿ ವ್ಯತ್ಯಾಸಕ್ಕೆ ಸದ್ದು ಎಷ್ಟು ಬಾಗೀತು? 343ರಲ್ಲಿ 2 ಮೀಟರ್ ಅಂದರೆ ಲೆಕ್ಕಕ್ಕೇ ಇಲ್ಲ.

ಮೌನಿ
ಅದೇ ನಾನೂ ಹೇಳುವುದು. ಮಧ್ಯಾಹ್ನ ವಾಹನ, ಮಿಕ್ಸರ್, ಟೀವಿ ಎಲ್ಲ ಇರುತ್ತವೆ. ರಾತ್ರಿ ಯಾವುದೂ ಇಲ್ಲ. ಸರಳ ಕಾರಣ ಇರುವಾಗ ಸುತ್ತಿ ಬಳಸುವುದೇಕೆ?

ಬೀಎಸ್ಸಿ_ಫಿಸಿಕ್ಸ್
@ಕುತೂಹಲಿ ಲೆಕ್ಕ ಹಾಕಿಯೇ ನೋಡೋಣ. ನೆಲಕ್ಕಿಂತ ಐವತ್ತು ನೂರು ಮೀಟರ್ ಮೇಲಿನ ಗಾಳಿ 5 ಡಿಗ್ರಿ ಬೆಚ್ಚಗಿದೆ ಅಂದುಕೊಳ್ಳಿ. ತಿಳಿ ರಾತ್ರಿಯಲ್ಲಿ ಇದು ದೊಡ್ಡ ಸಂಗತಿಯೇನಲ್ಲ. ವೇಗದ ವ್ಯತ್ಯಾಸ 3 ಮೀಟರ್, ಅಂದರೆ ನೂರಕ್ಕೆ ಒಂದೂ ಇಲ್ಲ. ಆದರೂ ಅಲೆ ಎಷ್ಟು ಬಾಗುತ್ತದೆ ಅಂತ ಹೇಳುವ ಸ್ನೆಲ್ ನಿಯಮಕ್ಕೆ ಹಾಕಿದರೆ, ನೆಲದಿಂದ ಸುಮಾರು 7 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಮೇಲೇರಿದ ಸದ್ದೆಲ್ಲ ಆ ಬೆಚ್ಚನೆ ಪದರ ದಾಟಲಾರದೆ ಕೆಳಗೆ ಬರುತ್ತದೆ. ನೆಲಕ್ಕೆ ಬಡಿದು ಮತ್ತೆ ಮೇಲೇರುತ್ತದೆ, ಮತ್ತೆ ಬಾಗುತ್ತದೆ. ದೂರಕ್ಕೆ ಹೋಗುವ ಸದ್ದು ಹೇಗಿದ್ದರೂ ನೆಲಕ್ಕೆ ಒರಗಿಕೊಂಡೇ ಹೋಗುವುದು. ಹಾಗಾಗಿ 7 ಡಿಗ್ರಿ ಧಾರಾಳ ಸಾಕು.

ಇದರ ಪರಿಣಾಮ ಸಣ್ಣದಲ್ಲ. ಬಯಲಲ್ಲಿ ಸದ್ದು ಎಲ್ಲ ದಿಕ್ಕಿಗೂ ಹರಡಿದರೆ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ (ಸದ್ದಿನ ಜೋರು ಅಳೆಯುವ ಮಾನ) ಇಳಿಯುತ್ತದೆ. ನೆಲಕ್ಕೂ ಬೆಚ್ಚನೆ ಪದರಕ್ಕೂ ನಡುವೆ ಸಿಕ್ಕಿಕೊಂಡ ಸದ್ದಿಗೆ ಮೇಲಕ್ಕೆ ಹರಡಲು ಜಾಗ ಇಲ್ಲ. ಅದು ಪ್ರತಿ ಎರಡು ಪಟ್ಟಿಗೆ 3 ಡೆಸಿಬೆಲ್‌ನಷ್ಟೇ ಇಳಿಯುತ್ತದೆ. 4 ಕಿ.ಮೀ. ದೂರಕ್ಕೆ ಬರುವಷ್ಟರಲ್ಲಿ ಈ ಎರಡರ ನಡುವೆ ಎಷ್ಟು ಅಂತರ ಬೀಳುತ್ತದೆ, ನೀವೇ ಹಾಕಿ ನೋಡಿ.

@ಮೌನಿ ಹಗಲಲ್ಲಿ ಸದ್ದು ಬೇರೆ ಸದ್ದಿನಲ್ಲಿ ಮುಳುಗುತ್ತದೆ, ನಿಜ. ಆದರೆ ಅದಕ್ಕೂ ಮೊದಲು ಅದು ನಿಮ್ಮ ತನಕ ಬರಬೇಕಲ್ಲ? ಬಿಸಿಲಿನಲ್ಲಿ ಕೆಲವು ನೂರು ಮೀಟರ್ ಆಚೆಗೇ ನೆಲದ ಬಳಿ ಸದ್ದಿನ ನೆರಳು ಶುರುವಾಗುತ್ತದೆ. ಅಲೆ ನಿಮ್ಮ ತಲೆ ಮೇಲೆ ಹಾದುಹೋಗಿರುತ್ತದೆ.

ರಾತ್ರಿಪಾಳಿ
ಹಾಗಾದರೆ ತಣ್ಣನೆ ಗಾಳಿಯಲ್ಲಿ ನಿಧಾನ ಅನ್ನುವುದಕ್ಕೂ ಕಡಿಮೆ ಕೇಳಿಸುವುದಕ್ಕೂ ಸಂಬಂಧ ಇಲ್ಲವಾ?

ಬೀಎಸ್ಸಿ_ಫಿಸಿಕ್ಸ್
ಇಲ್ಲ. ನಿಧಾನ ಅಂದರೆ ತಡವಾಗಿ ಬರುತ್ತದೆ, ಅಷ್ಟೇ. 4 ಕಿ.ಮೀ.ಗೆ 20 ಡಿಗ್ರಿಯಲ್ಲಿ 11.7 ಸೆಕೆಂಡು ಬೇಕು, 10 ಡಿಗ್ರಿಯಲ್ಲಿ 11.9 ಸೆಕೆಂಡು. ಜೋರು ಮೆಲು ಬೇರೆ ವಿಷಯ.

ಹೊಲದಂಚು
ನನ್ನ ಅನುಭವ ಹೇಳುತ್ತೇನೆ. ಇದನ್ನು ಕಣ್ಣಲ್ಲೇ ನೋಡಬಹುದು. ಮುಂಜಾನೆ ಯಾರಾದರೂ ಕಸಕಡ್ಡಿಗೆ ಬೆಂಕಿ ಹಾಕಿದ್ದರೆ ಹೊಗೆ ನೋಡಿ. ಸ್ವಲ್ಪ ಎತ್ತರಕ್ಕೆ ನೆಟ್ಟಗೆ ಏರುತ್ತದೆ, ಆಮೇಲೆ ಮೇಲೆ ಹೋಗದೆ ಹಾಸಿದ ಹಾಗೆ ಅಡ್ಡಕ್ಕೆ ಹರಡುತ್ತದೆ. ಅದೇ ಆ ಬೆಚ್ಚನೆ ಪದರ. ಹೊಗೆ ಹಾಗೆ ಮಲಗಿದ ದಿನ ದೂರದ ಪಂಪಿನ ಸದ್ದು, ನಾಯಿ ಬೊಗಳುವುದು ಎಲ್ಲ ಹತ್ತಿರದಲ್ಲೇ ಕೇಳಿಸುತ್ತದೆ. ಬಿಸಿಲೇರಿ ಹೊಗೆ ಚದುರಿ ಮೇಲಕ್ಕೆ ಹೋಗತೊಡಗಿದ ಮೇಲೆ ಅದೇ ಪಂಪು ಕೇಳಿಸುವುದಿಲ್ಲ. ಪಂಪೇನೂ ನಿಂತಿರುವುದಿಲ್ಲ.

ಬೀಎಸ್ಸಿ_ಫಿಸಿಕ್ಸ್
ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. @ರಾತ್ರಿಪಾಳಿ, ಪಾಳಿ ಮುಗಿಸಿ ಬರುವಾಗ ಹೊಗೆ ಗಮನಿಸಿ.

ದಿಕ್ಸೂಚಿ
ನನ್ನ ಪ್ರಕಾರ ಗಾಳಿಯ ದಿಕ್ಕು ಮುಖ್ಯ. ಗಾಳಿ ನಮ್ಮ ಕಡೆ ಬೀಸಿದರೆ ಸದ್ದನ್ನು ಹೊತ್ತು ತರುತ್ತದೆ. ಎದುರು ಬೀಸಿದರೆ ತಳ್ಳಿಬಿಡುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ.

ಅಲೆಯೆಣಿಕೆ
ಗಾಳಿಯ ದಿಕ್ಕು ಮುಖ್ಯ ಅನ್ನುವುದು ಸರಿ. ಹೊತ್ತು ತರುತ್ತದೆ ಅನ್ನುವುದು ಸರಿಯಲ್ಲ. ಸಾಧಾರಣ ಗಾಳಿ ಸೆಕೆಂಡಿಗೆ 5 ಮೀಟರ್ ಬೀಸುತ್ತದೆ ಅನ್ನಿ. ಸದ್ದು 343 ಮೀಟರ್ ಓಡುತ್ತದೆ. ಎದುರು ಗಾಳಿ ಇದ್ದರೂ ಅದು 338ರಲ್ಲಿ ಬಂದೇ ಬರುತ್ತದೆ. ಅಷ್ಟಕ್ಕೇ ಸದ್ದು ಕೇಳಿಸದೆ ಹೋಗಲು ಸಾಧ್ಯವೇ ಇಲ್ಲ.

ನಿಜವಾದ ಕಾರಣ ಮತ್ತೆ ಬಾಗುವಿಕೆಯೇ. ನೆಲದ ಬಳಿ ಹುಲ್ಲು, ಮರ, ಮನೆಗೆ ತಾಗಿ ಗಾಳಿ ನಿಧಾನವಾಗಿರುತ್ತದೆ, ಮೇಲೆ ಜೋರಾಗಿರುತ್ತದೆ. ಸದ್ದು ಗಾಳಿಯ ಜೊತೆ ಹೊರಟರೆ ಮೇಲ್ಭಾಗ ಬೇಗ ಓಡಿ ಅಲೆ ನೆಲಕ್ಕೆ ಬಾಗುತ್ತದೆ. ಎದುರು ಹೊರಟರೆ ಮೇಲ್ಭಾಗಕ್ಕೇ ಜಾಸ್ತಿ ತಡೆ, ಅಲೆ ಮೇಲಕ್ಕೆ ಎದ್ದುಹೋಗುತ್ತದೆ. ಇದನ್ನು ಮೊದಲು ಹೇಳಿದವರು ವಿಜ್ಞಾನಿ ಸ್ಟೋಕ್ಸ್, 1857ರಲ್ಲಿ. ಆಮೇಲೆ 1870ರ ದಶಕದಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬಯಲಲ್ಲಿ ಪ್ರಯೋಗ ಮಾಡಿ ನೋಡಿದರು. ಗಾಳಿಗೆ ಎದುರು ನಿಂತು ಸದ್ದು ಕೇಳಿಸದಿದ್ದರೆ ಎತ್ತರಕ್ಕೆ ಹತ್ತಿ. ಮಹಡಿ ಮೇಲೆ ಅದೇ ಸದ್ದು ಸಿಗುತ್ತದೆ. ಗಾಳಿ ಸದ್ದನ್ನು ತಳ್ಳಿದ್ದರೆ ಮಹಡಿ ಮೇಲೂ ಸಿಗಬಾರದಿತ್ತಲ್ಲ?

ದಿಕ್ಸೂಚಿ
ಮಹಡಿಯ ಮೇಲೆ ಅಡ್ಡ ಗೋಡೆಗಳಿಲ್ಲ, ಅದಕ್ಕೂ ಜಾಸ್ತಿ ಕೇಳಿಸಬಹುದು.

ಅಲೆಯೆಣಿಕೆ
ಮರ ಗೋಡೆ ಏನೂ ಇಲ್ಲದ ಬಯಲಲ್ಲೂ ಏಣಿ ಹತ್ತಿದರೆ ಹೀಗೇ ಆಗುತ್ತದೆ. ನೋಡಿ ಬನ್ನಿ, ಆಮೇಲೆ ವಾದ ಮುಂದುವರಿಸೋಣ.

ಮಿಂಚುಹುಳ
ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ದೂರದಲ್ಲಿ ಮಿಂಚು ಕಾಣುತ್ತದೆ, ಗುಡುಗು ಕೇಳಿಸುವುದೇ ಇಲ್ಲ. ಅದೂ ಇದೇನಾ?

ಬೀಎಸ್ಸಿ_ಫಿಸಿಕ್ಸ್
ಹೌದು. ಮೇಲೆ ತಂಪು, ಕೆಳಗೆ ಬಿಸಿ ಇರುವುದರಿಂದ ಗುಡುಗು ಮೇಲಕ್ಕೆ ಬಾಗುತ್ತದೆ. ಸಾಮಾನ್ಯವಾಗಿ 15-20 ಕಿ.ಮೀ. ಆಚೆಯ ಗುಡುಗು ನೆಲದ ಮೇಲಿರುವವರಿಗೆ ಸಿಗುವುದಿಲ್ಲ. ಮಿಂಚು ಅದಕ್ಕಿಂತ ಎಷ್ಟೋ ದೂರದಿಂದ ಕಾಣುತ್ತದೆ.

ಪುಟ್ಟಿಯ_ಅಮ್ಮ
ಮಿಂಚು ಕಂಡ ಮೇಲೆ ಎಣಿಸಿದಷ್ಟು ಸೆಕೆಂಡು ಅಷ್ಟು ಕಿಲೋಮೀಟರ್ ದೂರ ಅಂತ ಮಗಳಿಗೆ ಶಾಲೆಯಲ್ಲಿ ಯಾರೋ ಹೇಳಿದ್ದಾರಂತೆ. ಸರೀನಾ?

ಅಲೆಯೆಣಿಕೆ
ಇಲ್ಲ ಮೇಡಂ. ಸದ್ದಿಗೆ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡು ಬೇಕು. ಎಣಿಸಿದ್ದನ್ನು ಮೂರರಿಂದ ಭಾಗಿಸಬೇಕು. 9 ಎಣಿಸಿದರೆ 3 ಕಿ.ಮೀ. ದಯವಿಟ್ಟು ಮಗುವಿಗೆ ಇದನ್ನು ತಿದ್ದಿ ಹೇಳಿ, ಸುರಕ್ಷತೆಯ ಪ್ರಶ್ನೆ. 9 ಎಣಿಸಿ 9 ಕಿ.ಮೀ. ದೂರ ಇದೆ ಅಂತ ಮೈದಾನದಲ್ಲೇ ಆಡುತ್ತಾ ನಿಂತರೆ ಅಪಾಯ. ಗುಡುಗು ಕೇಳಿಸುವಷ್ಟು ಹತ್ತಿರ ಇದ್ದೀರಿ ಅಂದರೆ ಒಳಗೆ ಹೋಗಬೇಕು.

ಪುಟ್ಟಿಯ_ಅಮ್ಮ
ಧನ್ಯವಾದ ಸರ್. ಇವತ್ತೇ ಹೇಳುತ್ತೇನೆ. ಇನ್ನೊಂದು ಕೇಳಲಾ? ಹತ್ತಿರದ ಸಿಡಿಲು ಫಟ್ ಅನ್ನುತ್ತದೆ, ದೂರದ್ದು ಗುಡುಗುಡು ಅಂತ ಉರುಳುತ್ತದೆ. ಒಂದೇ ಮಿಂಚು ಅಲ್ವಾ?

ಅಲೆಯೆಣಿಕೆ
ಒಂದೇ ಮಿಂಚು, ಆದರೆ ಅದರ ಉದ್ದ ಹಲವು ಕಿಲೋಮೀಟರ್. ಎಲ್ಲ ಕಡೆಯೂ ಒಟ್ಟಿಗೇ ಸದ್ದು ಹುಟ್ಟುತ್ತದೆ. ಹತ್ತಿರದ ತುದಿಯ ಸದ್ದು ಮೊದಲು ಬರುತ್ತದೆ, ದೂರದ ತುದಿಯದು ಹತ್ತು ಸೆಕೆಂಡು ಬಿಟ್ಟು ಬರಬಹುದು. ಅದಕ್ಕೇ ಉರುಳುವುದು. ಜೊತೆಗೆ ಗಾಳಿ ಚೂಪು ಸದ್ದನ್ನು ಬೇಗ ನುಂಗುತ್ತದೆ. 1000 ಹರ್ಟ್ಸ್‌ನ (ಸೆಕೆಂಡಿಗೆ 1000 ಬಾರಿ ಅದುರುವ) ಸದ್ದು ಒಂದು ಕಿಲೋಮೀಟರ್‌ಗೆ ಸುಮಾರು 5 ಡೆಸಿಬೆಲ್ ಕಳೆದುಕೊಂಡರೆ 8000 ಹರ್ಟ್ಸ್‌ನದು ಅದರ ಹತ್ತು ಪಟ್ಟಿಗೂ ಜಾಸ್ತಿ ಕಳೆದುಕೊಳ್ಳುತ್ತದೆ. ದೂರ ಬರುವಷ್ಟರಲ್ಲಿ ದಪ್ಪ ಸದ್ದು ಮಾತ್ರ ಉಳಿದಿರುತ್ತದೆ.

ಕುತೂಹಲಿ
ಒಂದು ಮೂಲ ಪ್ರಶ್ನೆ. ಸದ್ದು ಬರುವಾಗ ಗಾಳಿಯೂ ಅಲ್ಲಿಂದ ಇಲ್ಲಿಗೆ ಬರುತ್ತದಾ?

ನ್ಯೂಟನ್_ಅಭಿಮಾನಿ
ಬರುವುದಿಲ್ಲ. ಗಾಳಿ ಇದ್ದಲ್ಲೇ ಹಿಂದೆ ಮುಂದೆ ಅಲ್ಲಾಡುತ್ತದೆ, ಒತ್ತಡದ ಏರಿಳಿತ ಮಾತ್ರ ಸಾಗುತ್ತದೆ. ಅಲ್ಲಾಡುವುದು ಎಷ್ಟು ಅಂತ ತಿಳಿದರೆ ಆಶ್ಚರ್ಯ ಆಗುತ್ತದೆ. ಎದುರು ಕೂತವರ ಮಾತು ಸುಮಾರು 60 ಡೆಸಿಬೆಲ್. ಅದರಲ್ಲಿ ಒತ್ತಡದ ಏರಿಳಿತ 0.02 ಪಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡ 1,01,325 ಪಾಸ್ಕಲ್. ಅಂದರೆ ಐವತ್ತು ಲಕ್ಷದಲ್ಲಿ ಒಂದು ಪಾಲು ಏರಿಳಿದರೆ ಅದು ಮಾತು! 1000 ಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಗಾಳಿಯ ತುಣುಕು ತನ್ನ ಜಾಗದಿಂದ ಅಲ್ಲಾಡುವುದು ಸುಮಾರು 8 ನ್ಯಾನೊಮೀಟರ್. ಕಿವಿಗೆ ಅಷ್ಟು ಸಾಕು. ಕೇಳಿಸುವ ಅತಿ ಸಣ್ಣ ಸದ್ದಿನಲ್ಲಿ ಈ ಅಲುಗಾಟ ಒಂದು ಅಣುವಿಗಿಂತಲೂ ಚಿಕ್ಕದು.

ಕುತೂಹಲಿ
8 ನ್ಯಾನೊಮೀಟರ್?? ಗಾಳಿಯ ಅಣುಗಳು ಸುಮ್ನೆ ಇದ್ದಾಗಲೂ ಸೆಕೆಂಡಿಗೆ ನೂರಾರು ಮೀಟರ್ ಓಡುತ್ತಿರುತ್ತವೆ ಅಂತಾರಲ್ಲ. ಆ ಗದ್ದಲದಲ್ಲಿ ಇದು ಹೇಗೆ ಗೊತ್ತಾಗುತ್ತದೆ?

ನ್ಯೂಟನ್_ಅಭಿಮಾನಿ
ತುಂಬ ಒಳ್ಳೆಯ ಪ್ರಶ್ನೆ. ಅಣುಗಳ ಸರಾಸರಿ ವೇಗ ಸೆಕೆಂಡಿಗೆ 500 ಮೀಟರ್‌ನ ಆಸುಪಾಸು. ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮೊದಲು ಸಾಗುವ ದೂರವೇ 65-70 ನ್ಯಾನೊಮೀಟರ್. ಆದರೆ ಆ ಓಡಾಟ ಎಲ್ಲ ದಿಕ್ಕಿಗೂ ಸಮ, ಒಂದನ್ನೊಂದು ಕಳೆದುಕೊಳ್ಳುತ್ತದೆ. ಸದ್ದಿನಲ್ಲಿ ಕೋಟಿ ಕೋಟಿ ಅಣುಗಳು ಒಟ್ಟಾಗಿ ಒಂದೇ ಕಡೆಗೆ ಚೂರು ವಾಲುತ್ತವೆ. ಕಿವಿ ತಮಟೆಗೆ ತಾಗುವುದು ಆ ಒಟ್ಟು ವಾಲಿಕೆ. ಸದ್ದನ್ನು ದಾಟಿಸುವವೂ ಈ ಅಣುಗಳೇ, ಹಾಗಾಗಿ ಸದ್ದಿನ ವೇಗ ಅವುಗಳ ವೇಗಕ್ಕಿಂತ ಸ್ವಲ್ಪ ಕಡಿಮೆ. ಬಿಸಿಯಾದರೆ ಅಣುಗಳು ಬೇಗ ಓಡುತ್ತವೆ, ಸದ್ದೂ ಬೇಗ ಓಡುತ್ತದೆ.

ಈ ವೇಗವನ್ನು ಮೊದಲು ಲೆಕ್ಕ ಹಾಕಿದ್ದು ನ್ಯೂಟನ್, 1687ರಲ್ಲಿ. ಬಂದ ಉತ್ತರ ಅಳತೆಗಿಂತ ನೂರಕ್ಕೆ ಸುಮಾರು 15 ಕಡಿಮೆ ಇತ್ತು. ಗಾಳಿಯ ಕಣಗಳ ಗಾತ್ರ, ಗಾಳಿಯಲ್ಲಿರುವ ಆವಿ ಅಂತ ಕಾರಣ ಹುಡುಕಿ ಆ ಅಂತರ ತುಂಬಲು ನೋಡಿದರು. ನೂರು ವರ್ಷದ ಮೇಲೂ ಅದು ಬಗೆಹರಿದಿರಲಿಲ್ಲ. 1816ರಲ್ಲಿ ಲಾಪ್ಲಾಸ್ ಸರಿ ಉತ್ತರ ಕೊಟ್ಟರು. ಗಾಳಿ ಒತ್ತಿಕೊಂಡಾಗ ಬಿಸಿಯಾಗುತ್ತದೆ, ಸಡಿಲವಾದಾಗ ತಣ್ಣಗಾಗುತ್ತದೆ. ಆ ಬಿಸಿ ಪಕ್ಕಕ್ಕೆ ಹರಿದು ಸಮವಾಗಿಬಿಡುತ್ತದೆ ಅಂತ ನ್ಯೂಟನ್ ಹಿಡಿದಿದ್ದರು. ಸಮವಾಗಲು ಸಮಯವೇ ಇಲ್ಲ! 1000 ಹರ್ಟ್ಸ್ ಅಲೆಯಲ್ಲಿ ಒತ್ತಿದ ಜಾಗಕ್ಕೂ ಸಡಿಲ ಜಾಗಕ್ಕೂ 17 ಸೆಂ.ಮೀ. ದೂರ, ಅರ್ಧ ಮಿಲಿಸೆಕೆಂಡಿನಲ್ಲಿ ಅವು ಅದಲುಬದಲಾಗುತ್ತವೆ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಬಿಸಿ ಹರಿಯುವುದು 0.1 ಮಿ.ಮೀ. ಆಸುಪಾಸು. ಹಾಗಾಗಿ ಬಿಸಿ ಅಲ್ಲೇ ಉಳಿದು ಗಾಳಿ ಜಾಸ್ತಿ ಬಿಗಿಯಾಗಿ ವರ್ತಿಸುತ್ತದೆ. ನ್ಯೂಟನ್ ಉತ್ತರವನ್ನು 1.4ರ ವರ್ಗಮೂಲದಿಂದ ಗುಣಿಸಿ, ಅಳತೆಗೆ ಸರಿಯಾಗಿ ಕೂರುತ್ತದೆ. ಇಡೀ ಭೌತಶಾಸ್ತ್ರದಲ್ಲಿ ನನಗೆ ಅತಿ ಇಷ್ಟವಾದ ತಿದ್ದುಪಡಿ ಇದು.

ಭಾರಹಗುರ
ಗಟ್ಟಿ ವಸ್ತುವಿನಲ್ಲಿ ಸದ್ದು ಬೇಗ ಹೋಗುವುದು ಸಾಂದ್ರತೆ ಜಾಸ್ತಿ ಇರುವುದರಿಂದ. ಕಣಗಳು ಹತ್ತಿರ ಹತ್ತಿರ ಇರುತ್ತವೆ. ಹಾಗಾದರೆ ತಣ್ಣನೆ ಗಾಳಿ ಸಾಂದ್ರ, ಅದರಲ್ಲಿ ಯಾಕೆ ನಿಧಾನ? ಇಲ್ಲಿ ಏನೋ ತಾಳೆಯಾಗುತ್ತಿಲ್ಲ.

ಅಲೆಯೆಣಿಕೆ
ಎಷ್ಟೋ ಗೈಡುಗಳಲ್ಲಿ ಬರೆದಿರುವ ತಪ್ಪು ಇದು, ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಸಾಂದ್ರತೆ ಹೆಚ್ಚಿದರೆ ಸದ್ದು ನಿಧಾನ ಆಗುತ್ತದೆ, ಯಾಕೆಂದರೆ ಅಲ್ಲಾಡಿಸಬೇಕಾದ ಭಾರ ಜಾಸ್ತಿ. ಬೇಗ ಮಾಡುವುದು ಬಿಗಿತ. ಉಕ್ಕು ಗಾಳಿಗಿಂತ ಸಾವಿರಾರು ಪಟ್ಟು ಭಾರ, ಆದರೆ ಅದರ ಬಿಗಿತ ಅದಕ್ಕಿಂತಲೂ ಎಷ್ಟೋ ಹೆಚ್ಚು. ಅದಕ್ಕೇ ಸೆಕೆಂಡಿಗೆ 5000 ಮೀಟರ್ ಮೇಲೆ. ಸೀಸ ಉಕ್ಕಿಗಿಂತ ಭಾರ, ಆದರೆ ಮೆತ್ತಗೆ. ಅದರಲ್ಲಿ ಸದ್ದಿನ ವೇಗ ಉಕ್ಕಿನ ಅರ್ಧಕ್ಕಿಂತ ಕಡಿಮೆ. ಹೀಲಿಯಂ ಗಾಳಿಗಿಂತ ಹಗುರ, ಅದರಲ್ಲಿ ಸುಮಾರು 1000 ಮೀಟರ್.

ಗೊಂಬೆಯಾಟ
ಹೀಲಿಯಂ ಅಂದಾಗ ನೆನಪಾಯಿತು. ಅದನ್ನು ಎಳೆದುಕೊಂಡರೆ ದನಿ ಕೀಚಲಾಗುವುದು ಇದಕ್ಕೇ ಅಲ್ವಾ?

ಸೌಂಡ್_ಮಿಕ್ಸರ್
ಹೌದು, ಆದರೆ ಗಂಟಲಿನ ತಂತುಗಳು ಹೆಚ್ಚು ಕಡಿಮೆ ಮೊದಲಿನಷ್ಟೇ ಬಾರಿ ಅದುರುತ್ತವೆ. ಬದಲಾಗುವುದು ಬಾಯಿ, ಗಂಟಲಿನ ಪೊಳ್ಳು ಯಾವ ಫ್ರೀಕ್ವೆನ್ಸಿಗಳನ್ನು (ಸೆಕೆಂಡಿಗೆ ಎಷ್ಟು ಬಾರಿ ಅದುರುವ ಸದ್ದನ್ನು) ಎತ್ತಿ ಕೊಡುತ್ತದೆ ಅನ್ನುವುದು. ಅವೆಲ್ಲ ಮೇಲಕ್ಕೆ ಸರಿಯುತ್ತವೆ. ಸಿಲಿಂಡರಿನಿಂದ ನೇರ ಎಳೆಯುವ ಸಾಹಸ ಮಾತ್ರ ಯಾರೂ ಮಾಡಬೇಡಿ. ಶ್ವಾಸಕೋಶ ಹರಿದುಹೋಗಬಹುದು, ಆಮ್ಲಜನಕ ಸಿಗದೆ ಪ್ರಜ್ಞೆ ತಪ್ಪಬಹುದು.

ನೀರೊಳಗೆ
ನಾನು ಡೈವಿಂಗ್ ಮಾಡುತ್ತೇನೆ. ನೀರಿನ ಕೆಳಗೆ ದೋಣಿಯ ಮೋಟಾರು ಕೇಳಿಸುತ್ತದೆ, ಆದರೆ ಯಾವ ಕಡೆಯಿಂದ ಅಂತ ಗೊತ್ತೇ ಆಗುವುದಿಲ್ಲ. ಇಡೀ ತಲೆಯೊಳಗೇ ಸದ್ದು ಇದ್ದ ಹಾಗೆ. ಹೊಸದಾಗಿ ಇಳಿದವರು ಇದಕ್ಕೇ ಹೆದರುತ್ತಾರೆ. ನೀರಿನಲ್ಲಿ ಸದ್ದಿನ ವೇಗ ಸುಮಾರು 1480 ಮೀಟರ್. ಎಡಕಿವಿಗೂ ಬಲಕಿವಿಗೂ ಸದ್ದು ತಲುಪುವ ಸಮಯದ ಅಂತರ ನೋಡಿ ಮಿದುಳು ದಿಕ್ಕು ಹಿಡಿಯುತ್ತದೆ. ಗಾಳಿಯಲ್ಲಿ ಆ ಅಂತರ ಹೆಚ್ಚೆಂದರೆ 0.6-0.7 ಮಿಲಿಸೆಕೆಂಡು. ನೀರಿನಲ್ಲಿ ಅದರ ಕಾಲು ಭಾಗಕ್ಕೂ ಕಡಿಮೆ.

ಮೇಲೆ ದೋಣಿಯಲ್ಲಿ ನಿಂತು ಎಷ್ಟು ಕೂಗಿದರೂ ಕೆಳಗೆ ಕೇಳಿಸುವುದಿಲ್ಲ. ಗಾಳಿಯಿಂದ ನೀರಿಗೆ ಬಡಿದ ಸದ್ದಿನ ಶಕ್ತಿಯಲ್ಲಿ ನೂರಕ್ಕೆ 99.9 ಪಾಲು ಮೇಲಕ್ಕೇ ಮರಳುತ್ತದೆ. ಸುಮಾರು 30 ಡೆಸಿಬೆಲ್ ನಷ್ಟ. ನಮ್ಮನ್ನು ಕರೆಯಬೇಕಾದರೆ ಕಬ್ಬಿಣದ ತುಂಡನ್ನು ನೀರೊಳಗೆ ಇಳಿಸಿ ಬಡಿಯುತ್ತಾರೆ.

ನ್ಯೂಟನ್_ಅಭಿಮಾನಿ
ನೀರಿನಲ್ಲಿ ವೇಗ ಅಳೆದ ಕಥೆಯೂ ಇದೇ ತತ್ವದ್ದು. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎರಡು ದೋಣಿ ನಿಲ್ಲಿಸಿದರು, ನಡುವೆ 13 ಕಿ.ಮೀ.ಗೂ ಜಾಸ್ತಿ. ಒಂದು ದೋಣಿಯಲ್ಲಿ ನೀರೊಳಗೆ ಇಳಿಬಿಟ್ಟ ಗಂಟೆ ಬಾರಿಸುವ ಕ್ಷಣದಲ್ಲೇ ಮೇಲೆ ಮದ್ದಿನ ಪುಡಿ ಹೊತ್ತಿಕೊಳ್ಳುವಂತೆ ಮಾಡಿದ್ದರು. ಇನ್ನೊಂದು ದೋಣಿಯಲ್ಲಿ ಕೊಲಾಡನ್ ನೀರಿಗೆ ಉದ್ದನೆ ಕೊಳವೆ ಇಳಿಸಿ ಕಿವಿ ಕೊಟ್ಟು ಕೂತಿದ್ದರು. ಬೆಳಕು ಕಂಡು 9 ಸೆಕೆಂಡು ದಾಟಿದ ಮೇಲೆ ಗಂಟೆ ಕೇಳಿಸಿತು. ಬಂದ ಉತ್ತರ 1435 ಮೀಟರ್. 8 ಡಿಗ್ರಿ ನೀರಿಗೆ ಇವತ್ತಿನ ಅಳತೆಗೆ ಬಹಳ ಹತ್ತಿರ.

ಬೀಎಸ್ಸಿ_ಫಿಸಿಕ್ಸ್
ಸಮುದ್ರದಲ್ಲೂ ನಮ್ಮ ಬಾಗುವಿಕೆ ಇದೆ. ಕೆಳಗೆ ಹೋದಂತೆ ನೀರು ತಣ್ಣಗಾಗಿ ಸದ್ದು ನಿಧಾನ ಆಗುತ್ತದೆ. ಇನ್ನೂ ಆಳಕ್ಕೆ ಹೋದರೆ ಒತ್ತಡ ಏರಿ ಮತ್ತೆ ವೇಗ ಹೆಚ್ಚುತ್ತದೆ. ನಡುವೆ, ಹಲವು ಸಾಗರಗಳಲ್ಲಿ ಸುಮಾರು 1000 ಮೀಟರ್ ಆಳದಲ್ಲಿ, ಅತಿ ನಿಧಾನದ ಪದರ. ಅಲ್ಲಿ ಹೊರಟ ಸದ್ದು ಮೇಲೆ ಹೋದರೂ ಕೆಳಗೆ ಬಾಗುತ್ತದೆ, ಕೆಳಗೆ ಹೋದರೂ ಮೇಲಕ್ಕೆ ಬಾಗುತ್ತದೆ. 1991ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಹರ್ಡ್ ದ್ವೀಪದ ಬಳಿ ಸಾಗರ ವಿಜ್ಞಾನಿ ವಾಲ್ಟರ್ ಮುಂಕ್ ಅವರ ತಂಡ 57 ಹರ್ಟ್ಸ್‌ನ ಸದ್ದು ಬಿಟ್ಟಿತು. ಅಮೆರಿಕದ ಎರಡೂ ಕರಾವಳಿಗಳಲ್ಲಿ ಅದು ಸಿಕ್ಕಿತು.

ಮೌನಿ
ಇದು ನಿಜಕ್ಕೂ ಗೊತ್ತಿರಲಿಲ್ಲ. ಗಾಳಿಯಲ್ಲಿ ಅತಿ ದೂರ ಕೇಳಿಸಿದ್ದು ಎಷ್ಟು?

ಅಲೆಯೆಣಿಕೆ
1883ರ ಆಗಸ್ಟ್ 27ರ ಇಂಡೊನೇಷ್ಯಾದ ಕ್ರಾಕಟೋವ ಜ್ವಾಲಾಮುಖಿ ಸ್ಫೋಟ ಸುಮಾರು 4800 ಕಿ.ಮೀ. ಆಚೆಯ, ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದಲ್ಲಿ ಫಿರಂಗಿ ಹೊಡೆದ ಹಾಗೆ ಕೇಳಿಸಿತ್ತು. ಅಲ್ಲಿಗೆ ಬರಲು ಸದ್ದಿಗೆ ನಾಲ್ಕು ಗಂಟೆ ಬೇಕಾಯಿತು. ಕಿವಿಗೆ ಸಿಗದ ಒತ್ತಡದ ಅಲೆ ಭೂಮಿಯನ್ನು ಹಲವು ಸುತ್ತು ಹಾಕಿದ್ದು ಬ್ಯಾರೊಮೀಟರ್‌ಗಳಲ್ಲಿ ದಾಖಲಾಗಿದೆ. 2022ರ ಜನವರಿಯ ಟೊಂಗಾ ಜ್ವಾಲಾಮುಖಿ ಸ್ಫೋಟವಂತೂ ಅಲಾಸ್ಕಾದಲ್ಲೂ ಜನರ ಕಿವಿಗೆ ಬಿತ್ತು.

ಗೊಂಬೆಯಾಟ
ಸೂರ್ಯ ಸ್ಫೋಟಿಸಿದರೆ ನಮಗೆ ಕೇಳಿಸುವುದಿಲ್ಲ ಅಲ್ವಾ? ಬಾಹ್ಯಾಕಾಶದಲ್ಲಿ ಸದ್ದೇ ಇಲ್ಲ.

ನ್ಯೂಟನ್_ಅಭಿಮಾನಿ
ಕೇಳಿಸುವುದಿಲ್ಲ. 1660ರಲ್ಲೇ ಬಾಯ್ಲ್ ಗಾಜಿನ ಪಾತ್ರೆಯಿಂದ ಗಾಳಿ ಎಳೆದು ಒಳಗಿನ ಸದ್ದು ಕುಗ್ಗುವುದನ್ನು ತೋರಿಸಿದ್ದರು. ಆದರೆ ಎಲ್ಲ ಕಡೆಯೂ ಪೂರ್ತಿ ಖಾಲಿ ಅಂತ ಹೇಳಲಾಗದು. ಪರ್ಸಿಯಸ್ ಗೆಲಾಕ್ಸಿ ಗುಂಪಿನ ಬಿಸಿ ಅನಿಲದಲ್ಲಿ ಒತ್ತಡದ ಅಲೆಗಳು ನಾಸಾದ ಚಂದ್ರಾ ಎಂಬ ಬಾಹ್ಯಾಕಾಶ ದೂರದರ್ಶಕಕ್ಕೆ ಕಂಡಿವೆ. ಅದರ ಒಂದು ಕಂಪನಕ್ಕೆ ಸುಮಾರು ಒಂದು ಕೋಟಿ ವರ್ಷ. ಇನ್ನು ಮಂಗಳನಲ್ಲಿ ತೆಳು ಗಾಳಿ ಇದೆ. 2021ರಲ್ಲಿ ಇಳಿದ ಪರ್ಸಿವರೆನ್ಸ್ ರೋವರಿನಲ್ಲಿ ಮೈಕ್ ಇದೆ. ಅಲ್ಲಿ ಸದ್ದಿನ ವೇಗ ಸೆಕೆಂಡಿಗೆ 240 ಮೀಟರ್, ಆದರೆ ಚೂಪು ಸದ್ದು ಸುಮಾರು 250ರಲ್ಲಿ ಓಡುತ್ತದೆ! ಒಂದೇ ಕಡೆಯಿಂದ ಹೊರಟ ಸದ್ದಿನಲ್ಲಿ ಕೀಚಲು ಮೊದಲು ಬರುತ್ತದೆ, ದಪ್ಪ ಆಮೇಲೆ. ಅಲ್ಲಿನ ತೆಳು ಕಾರ್ಬನ್ ಡೈಆಕ್ಸೈಡ್ ಇದಕ್ಕೆ ಕಾರಣ.

ನಿದ್ದೆಗೆಟ್ಟವನು
ಮಂಗಳ ಬಿಡಿ, ನನ್ನ ಪಕ್ಕದ ಮನೆಗೆ ಬನ್ನಿ. ಅವರು ಹಾಡು ಹಾಕಿದರೆ ಹಾಡು ಕೇಳಿಸುವುದಿಲ್ಲ, ಧಂ ಧಂ ಮಾತ್ರ ಗೋಡೆ ದಾಟಿ ಎದೆಗೆ ಬಡಿಯುತ್ತದೆ. ಗೋಡೆಗೆ ಫೋಮ್ ಅಂಟಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ಯಾಕೆ?

ಸೌಂಡ್_ಮಿಕ್ಸರ್
ಫೋಮ್ ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ. ಹೊರಗಿನ ಸದ್ದು ತಡೆಯುವುದಿಲ್ಲ. ತಡೆಯಬೇಕಾದರೆ ತೂಕ ಬೇಕು. ಗೋಡೆಯ ತೂಕ ಎರಡು ಪಟ್ಟು ಮಾಡಿದರೆ ಸುಮಾರು 6 ಡೆಸಿಬೆಲ್ ಹೆಚ್ಚು ತಡೆಯುತ್ತದೆ. ಅದೇ ಗೋಡೆ ಫ್ರೀಕ್ವೆನ್ಸಿ ಅರ್ಧ ಆದಾಗಲೆಲ್ಲ 6 ಡೆಸಿಬೆಲ್ ಕಡಿಮೆ ತಡೆಯುತ್ತದೆ. ಅದಕ್ಕೇ ಧಂ ಧಂ ಮಾತ್ರ ಬರುವುದು. 50 ಹರ್ಟ್ಸ್‌ನ ತರಂಗದೂರ ಸುಮಾರು 7 ಮೀಟರ್. 3 ಸೆಂ.ಮೀ. ಫೋಮ್ ಅದಕ್ಕೆ ಇದ್ದೂ ಇಲ್ಲದ ಹಾಗೆ. ಮೊದಲು ಅವರ ಸ್ಪೀಕರನ್ನು ನೆಲದಿಂದ ಎತ್ತಿ ದಪ್ಪ ರಬ್ಬರಿನ ಮೇಲೆ ಇಡಲು ಕೇಳಿಕೊಳ್ಳಿ. ನೆಲ, ಗೋಡೆಯ ಮೂಲಕ ಬರುವ ಕಂಪನ ಅಲ್ಲೇ ಎಷ್ಟೋ ಕಡಿಮೆಯಾಗುತ್ತದೆ.

ನಿದ್ದೆಗೆಟ್ಟವನು
ಫೋನ್ ಆ್ಯಪ್‌ನಲ್ಲಿ ಅಳೆದರೆ 60 ಡೆಸಿಬೆಲ್ ತೋರಿಸುತ್ತದೆ. ಅವರ ಎರಡು ಸ್ಪೀಕರ್ ಸೇರಿ 60. ಒಂದನ್ನು ನಿಲ್ಲಿಸಿದರೆ 30 ಆಗುತ್ತದಾ?

ಸೌಂಡ್_ಮಿಕ್ಸರ್
ಇಲ್ಲ, 57. ಡೆಸಿಬೆಲ್ ಹಾಗೆ ಕೂಡಿ ಕಳೆಯುವ ಲೆಕ್ಕ ಅಲ್ಲ. ಶಕ್ತಿ ಅರ್ಧ ಆದರೆ 3 ಕಡಿಮೆ, ಹತ್ತರಲ್ಲಿ ಒಂದು ಆದರೆ 10 ಕಡಿಮೆ. ಇನ್ನೊಂದು, ಸಾಮಾನ್ಯ ಆ್ಯಪ್‌ಗಳು ದಪ್ಪ ಸದ್ದನ್ನು ಕಡಿಮೆ ಎಣಿಸುತ್ತವೆ. ಸೆಟ್ಟಿಂಗಿನಲ್ಲಿ 'ಎ' ಬದಲು 'ಸಿ' ಆರಿಸಿ ನೋಡಿ. ನಿಮಗೆ ಆಗುತ್ತಿರುವ ಕಾಟ ಆಗ ಸರಿಯಾಗಿ ಕಾಣುತ್ತದೆ.

ರಾತ್ರಿಪಾಳಿ
ಎಲ್ಲರಿಗೂ ಧನ್ಯವಾದ. ನಿನ್ನೆ ಬೆಳಗ್ಗೆ ಹೊಗೆ ನೋಡಿದೆ, ಎರಡು ಮಹಡಿಯ ಎತ್ತರದಲ್ಲಿ ಅಡ್ಡಕ್ಕೆ ಹರಡಿತ್ತು, ರೈಲೂ ಚೆನ್ನಾಗಿ ಕೇಳಿಸುತ್ತಿತ್ತು. ಇವತ್ತು ಮೋಡ ಇತ್ತು, ಹೊಗೆ ಮೇಲಕ್ಕೆ ಹೋಯಿತು, ರೈಲು ಇಲ್ಲ. ಈಗ ಇನ್ನೊಂದು ಅನುಮಾನ. ಹೆದ್ದಾರಿ ಪಕ್ಕ ಸದ್ದು ತಡೆಯಲು ಎತ್ತರದ ಗೋಡೆ ಕಟ್ಟುತ್ತಾರಲ್ಲ, ಸದ್ದು ಮೇಲಿಂದ ಬಾಗಿ ಬಂದರೆ ಅದಕ್ಕೆ ಏನು ಅರ್ಥ?

ಸೌಂಡ್_ಮಿಕ್ಸರ್
ಗೋಡೆಗೆ ಅಂಟಿದ ಮನೆಗಳಿಗೆ ಲಾಭ ಇದ್ದೇ ಇದೆ. ಅವು ಗೋಡೆಯ ನೆರಳಲ್ಲಿವೆ, ಅಷ್ಟು ಹತ್ತಿರದಲ್ಲಿ ಸದ್ದು ಬಾಗಿ ಇಳಿಯಲು ಜಾಗ ಇಲ್ಲ. ಅಲ್ಲೂ ದಪ್ಪ ಸದ್ದು ಗೋಡೆಯ ಅಂಚು ಸುತ್ತಿ ಬರುತ್ತದೆ, ಟೈರಿನ ಸುಯ್ ಸದ್ದು ನಿಲ್ಲುತ್ತದೆ. 500 ಮೀಟರ್ ಆಚೆಯ ಮನೆಗೆ ತಿಳಿ ರಾತ್ರಿಯಲ್ಲಿ ಗೋಡೆ ಇದ್ದೂ ಒಂದೇ, ಇಲ್ಲದಿದ್ದರೂ ಹೆಚ್ಚು ಕಡಿಮೆ ಒಂದೇ. ಅವರು ಕಿಟಕಿಗೆ ಎರಡು ಪದರದ ಗಾಜು ಹಾಕಿಸುವುದು ಒಳ್ಳೆಯದು.

ನಿದ್ದೆಗೆಟ್ಟವನು
ಎರಡು ಗಾಜಿನ ನಡುವೆ ಅಂತರ ಎಷ್ಟಿರಬೇಕು?

ಸೌಂಡ್_ಮಿಕ್ಸರ್
ಸದ್ದಿಗಾದರೆ 10 ಸೆಂ.ಮೀ. ಅಥವಾ ಜಾಸ್ತಿ. ಬಿಸಿ ತಡೆಯಲು ಹಾಕುವ ಒಂದು ಒಂದೂವರೆ ಸೆಂ.ಮೀ. ಅಂತರ ದಪ್ಪ ಸದ್ದಿಗೆ ಸಾಲದು. ಎರಡು ಗಾಜಿನ ದಪ್ಪ ಬೇರೆ ಬೇರೆ ಇರಲಿ, ಒಂದೇ ಆದರೆ ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸೋರುತ್ತವೆ. ಚೌಕಟ್ಟಿನ ಸುತ್ತ ರಬ್ಬರ್ ಸರಿಯಾಗಿ ಕೂತಿದೆಯಾ ನೋಡಿಕೊಳ್ಳಿ. ಸಣ್ಣ ಸಂದು ಉಳಿದರೂ ಗಾಜಿಗೆ ಹಾಕಿದ ಖರ್ಚೆಲ್ಲ ದಂಡ.